ವಾರಿಕ್ ಊರಿನ ಅರ್ಲ್ ಯಾರು, ಕೋಟೆ ಯಾರದು?

ಹಾಸನದ ಅಪ್ಪ

ಎಲ್ಲರಿಗೂ ನಮಸ್ಕಾರ. ಮಗನ ಘಟಿಕೋತ್ಸವಕ್ಕೆ ನಾನೂ ನಮ್ಮ ಮನೆಯವರೂ ಇಂಗ್ಲೆಂಡಿಗೆ ಹೋಗಿ ಬಂದೆವು. ಅವನು ಓದಿದ್ದು ವಾರ್ವಿಕ್ ವಿಶ್ವವಿದ್ಯಾಲಯದಲ್ಲಿ. ಮರುದಿನ ಮೂವರೂ ಬಸ್ ಹಿಡಿದು ವಾರ್ವಿಕ್ ಊರಿಗೇ ಹೋದೆವು. ಏವನ್ ನದಿಯ ದಡದಲ್ಲಿ ದೊಡ್ಡ ಕೋಟೆ. ಸೇತುವೆ ಮೇಲೆ ನಿಂತು ನೋಡಿದರೆ ಗೋಡೆ ನೀರಿನಿಂದಲೇ ಎದ್ದು ಬಂದ ಹಾಗೆ ಕಾಣುತ್ತದೆ. ನಮ್ಮ ಮನೆಯವರು ಅಲ್ಲಿಂದ ಕದಲಲೇ ಇಲ್ಲ, ಅರ್ಧ ಗಂಟೆ ನಿಂತರು.

ಒಳಗೆ ಎಲ್ಲಿ ನೋಡಿದರೂ ‘ಅರ್ಲ್ ಆಫ್ ವಾರ್ವಿಕ್’ ಅನ್ನೋ ಹೆಸರು. ಅರ್ಲ್ ಈಗಲೂ ಇದ್ದಾರೆ, ಆದರೆ ಕೋಟೆ ಅವರದ್ದಲ್ಲ ಅಂತ ಅಲ್ಲಿದ್ದವರು ಹೇಳಿದರು. ನನಗೆ ಅಲ್ಲಿಂದ ತಲೆಗೆ ಹುಳ ಬಿಟ್ಟಂತಾಗಿದೆ. ಊರು ಅವರದ್ದಲ್ಲ, ಕೋಟೆ ಅವರದ್ದಲ್ಲ, ಮತ್ತೆ ಆ ಊರಿನ ಹೆಸರು ಮಾತ್ರ ಅವರ ಬಿರುದಿನಲ್ಲಿ ಹೇಗೆ ಉಳಿಯಿತು? ಅರ್ಲ್ ಅಂದರೆ ನಮ್ಮ ಪಾಳೇಗಾರರ ಥರಾನಾ? ಗೊತ್ತಿದ್ದವರು ಸ್ವಲ್ಪ ಬಿಡಿಸಿ ಹೇಳಿ.

ಲೆಮಿಂಗ್ಟನ್ ಅಕ್ಕ

ಸರ್, ಒಳ್ಳೆ ಪ್ರಶ್ನೆ ಕೇಳಿದ್ದೀರಿ. ನಾನು ಪಕ್ಕದ ಲೆಮಿಂಗ್ಟನ್ ಸ್ಪಾದಲ್ಲಿ 14 ವರ್ಷದಿಂದ ಇದ್ದೇನೆ. ವಾರಿಕ್ ಇಲ್ಲಿಂದ ನಡೆದು ಹೋಗೋ ದೂರ. ಮೊದಲು ಹೆಸರು ಸರಿ ಮಾಡಿಕೊಳ್ಳೋಣ. ಇಲ್ಲಿಯ ಜನ ‘ವಾರಿಕ್’ ಅಂತಲೇ ಹೇಳುತ್ತಾರೆ. ನಡುವಿನ ‘ವ’ ಬರವಣಿಗೆಯಲ್ಲಿ ಮಾತ್ರ ಇದೆ.

ಬ್ರಿಟನ್ನಿನ ಕುಲೀನ ಬಿರುದುಗಳಲ್ಲಿ ಐದು ಮೆಟ್ಟಿಲು. ಮೇಲಿನಿಂದ ಡ್ಯೂಕ್, ಮಾರ್ಕ್ವೆಸ್, ಅರ್ಲ್, ವೈಕೌಂಟ್, ಬ್ಯಾರನ್. ಇವುಗಳಲ್ಲಿ ಅರ್ಲ್ ಅನ್ನೋದು ತುಂಬ ಹಳೆಯ ಪದ, 1066ರಲ್ಲಿ ಫ್ರಾನ್ಸ್ ಕಡೆಯಿಂದ ಬಂದು ಇಂಗ್ಲೆಂಡನ್ನು ಗೆದ್ದ ನಾರ್ಮನ್ನರಿಗಿಂತ ಮುಂಚಿನದು. ಆದರೆ ಅರ್ಲ್‌ನ ಹೆಂಡತಿಗೆ ಕೌಂಟೆಸ್ ಅನ್ನುತ್ತಾರೆ. ಗಂಡನಿಗೆ ಹಳೆಯ ಹೆಸರು, ಹೆಂಡತಿಗೆ ಫ್ರಾನ್ಸ್ ಕಡೆಯಿಂದ ಬಂದ ಹೆಸರು.

ಪಾಳೇಗಾರರ ಥರಾನಾ ಅಂದಿರಿ. ಶುರುವಿನಲ್ಲಿ ಹೆಚ್ಚುಕಮ್ಮಿ ಹೌದು. 1068ರಲ್ಲಿ ವಿಲಿಯಂ ರಾಜ ಇಲ್ಲಿ ಮಣ್ಣಿನ ದಿಬ್ಬ ಹಾಕಿಸಿ ಮರದ ಕೋಟೆ ಕಟ್ಟಿಸಿದ. ಊರು ಅದಕ್ಕಿಂತ ಹಳೆಯದು. 914ರಲ್ಲಿ ಎಥೆಲ್‌ಫ್ಲೆಡ್ ಅನ್ನೋ ರಾಣಿ ಡೇನರನ್ನು ತಡೆಯೋದಕ್ಕೆ ಇಲ್ಲಿ ಊರು ಕಟ್ಟಿ ಭದ್ರ ಮಾಡಿದ್ದಳು. ಕೋಟೆಯೊಳಗಿನ ದಿಬ್ಬವನ್ನು ಈಗಲೂ ಅವಳ ಹೆಸರಲ್ಲೇ ಕರೆಯುತ್ತಾರೆ. ದಿಬ್ಬ ವಿಲಿಯಂ ಕಾಲದ್ದು, ಹೆಸರು ಮಾತ್ರ ಅವಳದ್ದು. ಜನ ಅವಳನ್ನು ಬಿಟ್ಟುಕೊಡಲಿಲ್ಲ ಅಷ್ಟೆ.

1088ರಲ್ಲಿ ಹೆನ್ರಿ ದ ಬೋಮಾಂಟ್ ಅನ್ನೋ ನಾರ್ಮನ್ ಮೊದಲ ಅರ್ಲ್ ಆದ. ಆಗ ಬಿರುದು, ಕೋಟೆ, ಜಮೀನು, ಸೈನ್ಯ ಎಲ್ಲ ಒಟ್ಟಿಗೇ ಇದ್ದವು. 13ನೇ ಶತಮಾನದಲ್ಲಿ ಮದುವೆ ಸಂಬಂಧದಿಂದ ಅದು ಬೀಚಮ್ ವಂಶಕ್ಕೆ ಬಂತು. ಅವರ ಕಾಲ ಅಂದರೆ ಕೋಟೆಯ ಭಾಗ್ಯದ ಕಾಲ. ನೀವು ನೋಡಿದ ಎರಡು ದೊಡ್ಡ ಗೋಪುರ, ಸೀಸರ್ ಟವರ್ ಮತ್ತು ಗೈ ಟವರ್, ಎರಡೂ ಅವರು ಕಟ್ಟಿಸಿದ್ದು.

ಆದರೆ ಬಿರುದು ಅನ್ನೋದು ಜಮೀನಿನ ಪಟ್ಟಾ ಅಲ್ಲ. ಅದು ರಾಜ ಒಬ್ಬ ಮನುಷ್ಯನಿಗೆ ಮತ್ತು ಅವನ ವಂಶಕ್ಕೆ ಕೊಟ್ಟ ಮರ್ಯಾದೆ. ವಂಶ ಮುಗಿದರೆ ಬಿರುದು ವಾಪಸ್ ರಾಜನಿಗೆ. ರಾಜ ಅದೇ ಹೆಸರನ್ನು ಬೇರೆಯವರಿಗೆ ಹೊಸದಾಗಿ ಕೊಡಬಹುದು. ‘ಅರ್ಲ್ ಆಫ್ ವಾರಿಕ್’ ಬಿರುದನ್ನು ಹೀಗೆ ನಾಲ್ಕು ಸಲ ಸೃಷ್ಟಿ ಮಾಡಿದ್ದಾರೆ: 1088, 1547, 1618, 1759. ಈಗಿನವರು ಕೊನೆಯ ಸಾಲಿನ 9ನೇ ಅರ್ಲ್. ಅವರು ನೆಲೆಸಿರುವುದು ಆಸ್ಟ್ರೇಲಿಯಾದಲ್ಲಿ.

ಕವೆಂಟ್ರಿ ಹುಡುಗ

ನಾನೂ ಅದೇ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದೇನೆ. ಬರುವವರಿಗೆಲ್ಲ ಇದೊಂದು ಮಾತು ಹೇಳಲೇಬೇಕು. ವಾರಿಕ್ ವಿಶ್ವವಿದ್ಯಾಲಯ ವಾರಿಕ್ ಊರಲ್ಲಿ ಇಲ್ಲ! 1965ರಲ್ಲಿ ಶುರುವಾಗಿದ್ದು, ಕವೆಂಟ್ರಿ ನಗರದ ಅಂಚಿನಲ್ಲಿದೆ. ವಾರಿಕ್‌ನಲ್ಲಿ ಮನೆ ಹಿಡಿದು, ಆಮೇಲೆ ದಿನಾ ಬಸ್ಸಲ್ಲಿ ಓಡಾಡಿದ ಹುಡುಗರನ್ನು ನಾನು ನೋಡಿದ್ದೇನೆ.

ಅಕ್ಕ, ನೀವು 1618 ಅಂದಿರಲ್ಲ, ಆ ಸಲದ ಕಥೆ ಏನು? ಕೋಟೆಯ ಫಲಕದಲ್ಲಿ 1604ರಿಂದ ಗ್ರೆವಿಲ್ ಮನೆತನ ಅಂತ ಓದಿದ ನೆನಪು. ಹಾಗಾದರೆ 1618ರ ಅರ್ಲ್ ಎಲ್ಲಿದ್ದ?

ಲೆಮಿಂಗ್ಟನ್ ಅಕ್ಕ

ಸರಿಯಾದ ಜಾಗಕ್ಕೇ ಕೈ ಹಾಕಿದೆಯಪ್ಪ. ಬಿರುದು ಒಂದು ಕಡೆ, ಕೋಟೆ ಒಂದು ಕಡೆ ಆಗಿದ್ದು ಆಗಲೇ.

1547ರ ಸಾಲು ಡಡ್ಲಿ ಮನೆತನದ್ದು. ಕೊನೆಯವನು ಆಂಬ್ರೋಸ್ ಡಡ್ಲಿ, 1590ರಲ್ಲಿ ಮಕ್ಕಳಿಲ್ಲದೆ ತೀರಿಕೊಂಡ. ಬಿರುದೂ ಹೋಯಿತು, ಕೋಟೆಯೂ ರಾಣಿಯ ಕೈ ಸೇರಿತು. ನೋಡುವವರಿಲ್ಲದೆ ಬೀಳುವ ಹಂತಕ್ಕೆ ಬಂತು. 1604ರಲ್ಲಿ ಜೇಮ್ಸ್ ರಾಜ ಆ ಹಾಳು ಕೋಟೆಯನ್ನು ಫುಲ್ಕ್ ಗ್ರೆವಿಲ್‌ಗೆ ಕೊಟ್ಟ. ಅವನು ಕವಿ, ಆಡಳಿತಗಾರ. ಕೈಯಿಂದ ದುಡ್ಡು ಸುರಿದು ಅದನ್ನು ವಾಸಕ್ಕೆ ಯೋಗ್ಯ ಮಾಡಿದ. ಇಷ್ಟೆಲ್ಲ ಮಾಡಿದವನಿಗೆ ಸಿಕ್ಕಿದ ಬಿರುದು 1621ರಲ್ಲಿ ಬ್ಯಾರನ್ ಬ್ರೂಕ್. ಅರ್ಲ್ ಅಲ್ಲ, ವಾರಿಕ್ ಹೆಸರೂ ಇಲ್ಲ.

ಯಾಕೆಂದರೆ ಅದಕ್ಕೆ ಮೂರು ವರ್ಷ ಮೊದಲೇ, 1618ರಲ್ಲಿ, ‘ಅರ್ಲ್ ಆಫ್ ವಾರಿಕ್’ ಬಿರುದು ಎಸೆಕ್ಸ್ ಕಡೆಯ ರಾಬರ್ಟ್ ರಿಚ್ ಪಾಲಾಗಿತ್ತು. ಅವನಿಗೆ ವಾರಿಕ್‌ನಲ್ಲಿ ಕೋಟೆಯಿಲ್ಲ. ಹೆಸರು ಖಾಲಿ ಇತ್ತು, ಘನವಾದ ಹೆಸರು, ಸಿಕ್ಕಿತು. ಜೇಮ್ಸ್ ರಾಜನ ಕಾಲದಲ್ಲಿ ಬಿರುದಿಗೂ ಬೆಲೆ ಕಟ್ಟುತ್ತಿದ್ದರು. 1611ರಲ್ಲಿ ಬ್ಯಾರೊನೆಟ್ ಅನ್ನೋ ಹೊಸ ದರ್ಜೆ ಮಾಡಿ 1,095 ಪೌಂಡ್ ಅಂತ ದರವನ್ನೇ ಇಟ್ಟಿದ್ದರು.

ಹೀಗೆ 1618ರಿಂದ 1759ರವರೆಗೆ, 141 ವರ್ಷ, ವಾರಿಕ್ ಕೋಟೆಯಲ್ಲಿ ಇದ್ದವರು ವಾರಿಕ್ ಅರ್ಲ್ ಅಲ್ಲ. ವಾರಿಕ್ ಅರ್ಲ್‌ಗಳ ಮನೆ ಎಸೆಕ್ಸ್‌ನಲ್ಲಿ.

ಇದರಲ್ಲಿ ನನಗೆ ಬಹಳ ಹಿಡಿಸಿದ ಒಂದು ಎಳೆ ಇದೆ. 1640ರ ದಶಕದಲ್ಲಿ ರಾಜನಿಗೂ ಪಾರ್ಲಿಮೆಂಟಿಗೂ ನಡೆದ ಅಂತರ್ಯುದ್ಧದಲ್ಲಿ ಬಿರುದಿನವನು, ಕೋಟೆಯವನು ಇಬ್ಬರೂ ಒಂದೇ ಪಕ್ಷ. ಎರಡನೇ ಅರ್ಲ್, ಅಪ್ಪನ ಹೆಸರೇ ಇದ್ದ ಮಗ ರಾಬರ್ಟ್ ರಿಚ್, ಪಾರ್ಲಿಮೆಂಟ್ ಕಡೆಯ ನೌಕಾಪಡೆ ನಡೆಸಿದ. ಕೋಟೆಯ ಒಡೆಯ ಎರಡನೇ ಲಾರ್ಡ್ ಬ್ರೂಕ್ ಪಾರ್ಲಿಮೆಂಟ್ ಕಡೆಯ ದಂಡನಾಯಕ. 1642ರಲ್ಲಿ ರಾಜನ ಕಡೆಯವರು ವಾರಿಕ್ ಕೋಟೆಗೆ ಮುತ್ತಿಗೆ ಹಾಕಿದರು, ಕೋಟೆ ಬಗ್ಗಲಿಲ್ಲ. ಮರುವರ್ಷ ಲಿಚ್‌ಫೀಲ್ಡ್‌ನಲ್ಲಿ ಬ್ರೂಕ್ ಗುಂಡು ತಗುಲಿ ಸತ್ತ.

ಈಗ ಅಮೆರಿಕದ ನಕ್ಷೆ ತೆಗೆದು ನೋಡಿ. ರೋಡ್ ಐಲೆಂಡ್‌ನಲ್ಲಿ ವಾರಿಕ್ ಅನ್ನೋ ಊರಿದೆ. ಅದು ಈ ಮಗ ರಾಬರ್ಟ್ ರಿಚ್ ಹೆಸರಿನದ್ದು, ಅಲ್ಲಿ ನೆಲೆಸಿದವರಿಗೆ ಅವನು ಆಸರೆಯಾಗಿ ನಿಂತಿದ್ದ. ಪಕ್ಕದ ಕನೆಕ್ಟಿಕಟ್‌ನಲ್ಲಿ ಸೇಬ್ರೂಕ್ ಇದೆ. ಅದು ಲಾರ್ಡ್ ಸೇ ಮತ್ತು ನಮ್ಮ ಲಾರ್ಡ್ ಬ್ರೂಕ್, ಇಬ್ಬರ ಹೆಸರು ಕೂಡಿಸಿ ಇಟ್ಟಿದ್ದು. ಬಿರುದಿನವನ ಹೆಸರೂ ಸಮುದ್ರ ದಾಟಿತು, ಕೋಟೆಯವನ ಹೆಸರೂ ದಾಟಿತು. ಆದರೆ ಊರಿನ ಹೆಸರನ್ನು ಹೊತ್ತುಕೊಂಡು ಹೋದದ್ದು ಊರಲ್ಲಿ ಮನೆಯೇ ಇಲ್ಲದವನು!

1759ರಲ್ಲಿ ರಿಚ್ ವಂಶ ಮುಗಿಯಿತು. ಕೋಟೆಯಲ್ಲಿದ್ದ ಫ್ರಾನ್ಸಿಸ್ ಗ್ರೆವಿಲ್ ಅಷ್ಟರಲ್ಲಿ ಅರ್ಲ್ ಬ್ರೂಕ್ ಆಗಿದ್ದ. ಅದೇ ವರ್ಷ ಕೇಳಿ ‘ಅರ್ಲ್ ಆಫ್ ವಾರಿಕ್’ ಕೂಡ ಪಡೆದ. ಬಿರುದು ಮನೆಗೆ ವಾಪಸ್ ಬಂತು.

ಎಜ್‌ಬಾಸ್ಟನ್ ಗ್ಯಾಲರಿ

ಕರಡಿಯ ವಿಷಯ ಯಾರೂ ಹೇಳಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ವಾರಿಕ್‌ಶೈರ್ ಕ್ರಿಕೆಟ್ ತಂಡದ ಲಾಂಛನದಲ್ಲಿ ಒಂದು ಕರಡಿ, ಪಕ್ಕದಲ್ಲಿ ಕೊಂಬೆ ಕತ್ತರಿಸಿದ ಒರಟು ಕೋಲು. ಅವರ ಟಿ20 ತಂಡಕ್ಕೆ ಬೇರ್ಸ್ ಅಂತಲೇ ಹೆಸರು. ಆ ಕರಡಿ ಮತ್ತು ಕೋಲು ವಾರಿಕ್ ಅರ್ಲ್‌ಗಳ ಗುರುತು. ಯಾವುದೋ ಕಾಲದ ಅರ್ಲ್ ಒಬ್ಬ ಮರವನ್ನೇ ಬೇರುಸಹಿತ ಕಿತ್ತು ರಾಕ್ಷಸನನ್ನು ಹೊಡೆದ, ಅದಕ್ಕೇ ಈ ಕೋಲು ಅಂತ ಒಂದು ದಂತಕಥೆ ಇದೆ.

ವಂಶಗಳು ಬದಲಾದವು, ಕರಡಿ ಬದಲಾಗಲಿಲ್ಲ. ಬೀಚಮ್ ಆದ ಮೇಲೆ ನೆವಿಲ್, ಆಮೇಲೆ ಡಡ್ಲಿ, ಆಮೇಲೆ ಗ್ರೆವಿಲ್, ಎಲ್ಲರೂ ಅದನ್ನೇ ಹಾಕಿಕೊಂಡರು. ಕೌಂಟಿಯೂ ತನ್ನದು ಮಾಡಿಕೊಂಡಿತು. ಟಿವಿಯಲ್ಲಿ ಎಜ್‌ಬಾಸ್ಟನ್ ಪಂದ್ಯ ಬಂದಾಗ ನಾನು ಮೊದಲು ಹುಡುಕೋದು ಆ ಕರಡಿಯನ್ನೇ.

ಗಂಜಾಂ ಮೇಷ್ಟ್ರು

ಈ ಚರ್ಚೆಗೆ ನಮ್ಮೂರಿನ ಒಂದು ಮಾತು ಸೇರಿಸಲೇಬೇಕು. ನಾನು ಶ್ರೀರಂಗಪಟ್ಟಣದವನು.

ಊರಿನ ಹೆಸರು ಬಿರುದಿಗೆ ಹೋಗೋದು ಇಂಗ್ಲೆಂಡಿನ ಊರುಗಳಿಗೆ ಮಾತ್ರ ಆಗಿದ್ದಲ್ಲ, ನಮಗೂ ಆಗಿದೆ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಸುಲ್ತಾನ್ ಸತ್ತರು. ಆ ಮುತ್ತಿಗೆಯ ಇಡೀ ಸೈನ್ಯಕ್ಕೆ ದಂಡನಾಯಕನಾಗಿದ್ದವನು ಜಾರ್ಜ್ ಹ್ಯಾರಿಸ್. 1815ರಲ್ಲಿ ಅವನನ್ನು ಬ್ಯಾರನ್ ಮಾಡಿದರು. ಬಿರುದಿನ ಪೂರ್ತಿ ಒಕ್ಕಣೆ ‘ಪೂರ್ವ ಇಂಡೀಸ್‌ನ ಸೆರಿಂಗಪಟಂ ಮತ್ತು ಮೈಸೂರಿನ, ಹಾಗೂ ಕೆಂಟ್ ಕೌಂಟಿಯ ಬೆಲ್ಮಾಂಟ್‌ನ ಬ್ಯಾರನ್ ಹ್ಯಾರಿಸ್’. ಬೆಲ್ಮಾಂಟ್ ಅವನು ಕೊಂಡ ಮನೆ. ಶ್ರೀರಂಗಪಟ್ಟಣ ಅವನು ಗೆದ್ದ ಊರು. ಎರಡನ್ನೂ ಒಂದೇ ಸಾಲಿನಲ್ಲಿ ಬರೆದಿದ್ದಾರೆ.

ಆ ವಾಕ್ಯ ಓದಿದ ದಿನ ನನಗೆ ರಾತ್ರಿ ನಿದ್ದೆ ಸರಿಯಾಗಿ ಬರಲಿಲ್ಲ. ಕೋಟೆ ಒಡೆದ ಜಾಗ ನಮ್ಮ ಮನೆಯಿಂದ ಹತ್ತಿರ. ಚಿಕ್ಕಂದಿನಲ್ಲಿ ಆ ಕಲ್ಲುಗಳ ಮೇಲೆ ಆಡಿದವನು ನಾನು. ಆ ಊರಿನ ಹೆಸರು ಅಷ್ಟು ದೂರದ ಒಂದು ಮನೆತನದ ಬಿರುದಿನಲ್ಲಿ ಕೂತಿದೆ ಅಂತ ನಮ್ಮ ತಾತನಿಗೂ ಗೊತ್ತಿರಲಿಲ್ಲ, ಅಪ್ಪನಿಗೂ ಗೊತ್ತಿರಲಿಲ್ಲ. ಅದೇ ವಂಶದ ನಾಲ್ಕನೇ ಲಾರ್ಡ್ ಹ್ಯಾರಿಸ್ 1890ರಿಂದ 1895ರವರೆಗೆ ಬೊಂಬಾಯಿಯ ಗವರ್ನರ್ ಆಗಿದ್ದ. ಅಂದರೆ ಧಾರವಾಡ, ಬೆಳಗಾವಿ, ವಿಜಯಪುರ, ಕಾರವಾರದ ಜನ ಅವನ ಆಳ್ವಿಕೆಯಲ್ಲೇ ಇದ್ದರು.

ಇನ್ನೊಬ್ಬನನ್ನು ನೀವೆಲ್ಲ ಬಲ್ಲಿರಿ. ಆರ್ಥರ್ ವೆಲ್ಲೆಸ್ಲಿ, 1799ರ ನಂತರ ಶ್ರೀರಂಗಪಟ್ಟಣದ ಉಸ್ತುವಾರಿ ನೋಡಿಕೊಂಡವನು. ಅವನು ಡ್ಯೂಕ್ ಆಫ್ ವೆಲ್ಲಿಂಗ್ಟನ್ ಆದದ್ದು ಆಮೇಲೆ. ವೆಲ್ಲಿಂಗ್ಟನ್ ಅನ್ನೋದು ಸೊಮರ್‌ಸೆಟ್‌ನ ಒಂದು ಹಳೇ ಪಟ್ಟಣ. 1809ರಲ್ಲಿ ಅವನು ಸ್ಪೇನ್‌ನಲ್ಲಿ ಯುದ್ಧದಲ್ಲಿದ್ದಾಗ ಬಿರುದಿಗೆ ಯಾವ ಹೆಸರು ಅಂತ ಅಲ್ಲೇ ಕೇಳೋಕೆ ಆಗಲಿಲ್ಲ. ಲಂಡನ್ನಿನಲ್ಲಿದ್ದ ಅಣ್ಣ ವಿಲಿಯಂ, ನಮ್ಮ ಮನೆತನದ ಹೆಸರಿಗೆ ಹತ್ತಿರ ಇದೆ ಅಂತ ವೆಲ್ಲಿಂಗ್ಟನ್ ಆರಿಸಿದ. ಉಚ್ಚಾರ ಹೊಂದಿತು ಅನ್ನೋ ಕಾರಣಕ್ಕೆ ಒಂದು ಪಟ್ಟಣದ ಹೆಸರು ನ್ಯೂಜಿಲೆಂಡ್‌ನ ರಾಜಧಾನಿಯವರೆಗೆ ಹೋಯಿತು.

ಹಾಸನದ ಸರ್, ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಇದೇ. ಬಿರುದಿನಲ್ಲಿ ಊರಿನ ಹೆಸರು ಇದ್ದರೆ ಅದು ಒಡೆತನ ಅಂತಲ್ಲ. ಎಲ್ಲೋ ಒಂದು ಕಡೆ ಆ ಊರಿನ ಜೊತೆ ಏನೋ ನಡೆದಿದೆ ಅಂತ ಅರ್ಥ. ಏನು ನಡೆಯಿತು ಅಂತ ಊರಿನವರು ತಿಳಿದಿರಬೇಕು.

ಧಾರವಾಡದವಳು

ಮೇಷ್ಟ್ರೇ, ಹ್ಯಾರಿಸ್ ವಿಷಯ ಮೊದಲ ಸಲ ಕೇಳಿದ್ದು. ಮನಸ್ಸಿಗೆ ನಾಟಿತು.

ನನ್ನ ಪ್ರಶ್ನೆ ಬೇರೆ. ಮೇಲೆ ಅಕ್ಕ ‘ಮದುವೆ ಸಂಬಂಧದಿಂದ ಬೀಚಮ್ ವಂಶಕ್ಕೆ ಬಂತು’ ಅಂದರು. ಅಂದರೆ ಹೆಣ್ಣುಮಗಳಿಂದ ಬಂತು ಅಂತ ತಾನೇ? ಆದರೆ ಪಟ್ಟಿಯಲ್ಲಿ ಎಲ್ಲ ಗಂಡಸರ ಹೆಸರೇ. ಆ ಹೆಣ್ಣುಮಕ್ಕಳು ಎಲ್ಲಿ ಹೋದರು?

ಲೆಮಿಂಗ್ಟನ್ ಅಕ್ಕ

ತಂಗೀ, ಇದನ್ನು ಯಾರಾದರೂ ಕೇಳಲಿ ಅಂತ ಕಾಯುತ್ತಿದ್ದೆ. ಸ್ವಲ್ಪ ಉದ್ದ ಆಗುತ್ತದೆ, ಸಮಾಧಾನವಾಗಿ ಓದು.

ರಿಚರ್ಡ್ ಬೀಚಮ್, 13ನೇ ಅರ್ಲ್, ಫ್ರಾನ್ಸಿನಲ್ಲಿ ಇಂಗ್ಲಿಷರ ಪರವಾಗಿ ಆಡಳಿತ ನಡೆಸುತ್ತಿದ್ದವನು. 1431ರಲ್ಲಿ ರುಆನ್‌ನಲ್ಲಿ ಜೋನ್ ಆಫ್ ಆರ್ಕ್‌ಳ ವಿಚಾರಣೆ ನಡೆದಾಗ ಅವಳು ಇದ್ದದ್ದು ಇವನ ಕಾವಲಿನಲ್ಲೇ. 1439ರಲ್ಲಿ ಅದೇ ರುಆನ್‌ನಲ್ಲಿ ತೀರಿಕೊಂಡ. ಮಗ ಹೆನ್ರಿಯನ್ನು 1445ರಲ್ಲಿ ರಾಜ ಡ್ಯೂಕ್ ಆಫ್ ವಾರಿಕ್ ಮಾಡಿದ. ಮರುವರ್ಷವೇ ಅವನೂ ಹೋದ, 21 ವರ್ಷ ಅಷ್ಟೆ. ಅವನಿಗೆ ಒಬ್ಬಳೇ ಮಗಳು, ಕೂಸು. ಐದು ವರ್ಷ ತುಂಬುವ ಹೊತ್ತಿಗೆ, 1449ರಲ್ಲಿ, ಅವಳೂ ತೀರಿಕೊಂಡಳು.

ಉಳಿದವಳು ಹೆನ್ರಿಯ ಒಡಹುಟ್ಟಿದ ತಂಗಿ ಆನ್ ಬೀಚಮ್. ವಾರಿಕ್ ಅವಳಿಗೆ ಬಂತು. ಅವಳ ಗಂಡ ರಿಚರ್ಡ್ ನೆವಿಲ್. ಚರಿತ್ರೆಯಲ್ಲಿ ಅವನ ಹೆಸರು ‘ಕಿಂಗ್‌ಮೇಕರ್’, ರಾಜರನ್ನು ಕೂರಿಸಿ ಇಳಿಸಿದವನು. ಆದರೆ ಅವನು ವಾರಿಕ್ ಅರ್ಲ್ ಆದದ್ದು ಹೆಂಡತಿಯಿಂದ. ಆ ಸಾಲನ್ನು ಜನ ಬೇಗ ದಾಟಿ ಹೋಗುತ್ತಾರೆ.

1471ರ ಏಪ್ರಿಲ್ 14ರಂದು ಬಾರ್ನೆಟ್ ಯುದ್ಧದಲ್ಲಿ ರಾಜನ ವಿರುದ್ಧ ಹೋರಾಡಿ ನೆವಿಲ್ ಸತ್ತ. ಆನ್ ಬ್ಯೂಲಿ ಮಠದಲ್ಲಿ ಆಶ್ರಯ ಪಡೆದಳು. ಆಸ್ತಿ ತವರಿನದ್ದು, ಗಂಡನದ್ದಲ್ಲ. ಹಾಗಾಗಿ ಗಂಡ ರಾಜದ್ರೋಹಿ ಆದರೂ ಅದು ಅವಳ ಕೈ ತಪ್ಪಬಾರದಿತ್ತು. ಆದರೆ ಅವಳ ಇಬ್ಬರು ಹೆಣ್ಣುಮಕ್ಕಳನ್ನು ಮದುವೆಯಾದವರು ರಾಜನ ಇಬ್ಬರು ತಮ್ಮಂದಿರು. ಇಬ್ಬರು ಅಳಿಯಂದಿರಿಗೂ ಆಸ್ತಿ ಈಗಲೇ ಬೇಕು.

ಆಕೆ ಅರ್ಜಿ ಬರೆದಳು. ರಾಜನಿಗೆ, ರಾಣಿಗೆ, ರಾಜನ ತಾಯಿಗೆ, ಇನ್ನೂ ಎಷ್ಟೋ ಮನೆತನದ ಹೆಂಗಸರಿಗೆ. ಗುಮಾಸ್ತರು ಯಾರೂ ಇಲ್ಲದ ಕಾರಣ ಕಾಗದಗಳನ್ನು ತಾನೇ ಕೈಯಾರೆ ಬರೆದಿದ್ದೇನೆ ಅಂತ ಅವಳು ಪಾರ್ಲಿಮೆಂಟಿಗೆ ಕೊಟ್ಟ ಮನವಿಯಲ್ಲಿದೆ. ಇಂಗ್ಲೆಂಡಿನ ದೊಡ್ಡ ಶ್ರೀಮಂತೆಯರಲ್ಲಿ ಒಬ್ಬಳು ಮಠದ ಕೋಣೆಯಲ್ಲಿ ಕೂತು, ಒಬ್ಬಳೇ, ಕಾಗದದ ಮೇಲೆ ಕಾಗದ ಬರೆಯೋದನ್ನು ಯೋಚನೆ ಮಾಡಿ.

ಕೇಳಲಿಲ್ಲ. 1474ರಲ್ಲಿ ಪಾರ್ಲಿಮೆಂಟ್ ಒಂದು ಕಾಯ್ದೆ ಮಾಡಿತು. ಕೌಂಟೆಸ್ ಆನ್ ‘ಸಹಜವಾಗಿ ಸತ್ತಿದ್ದರೆ’ ಹೇಗೋ ಹಾಗೇ ಅಂತ ಲೆಕ್ಕ ಹಾಕಿ ಆಸ್ತಿಯನ್ನು ಅಳಿಯಂದಿರಿಗೆ ಹಂಚಿ ಎಂದಿತು. ಅವಳು ಬದುಕೇ ಇದ್ದಳು. ಅದಾದ ಮೇಲೂ 18 ವರ್ಷ ಬದುಕಿದಳು, ತೀರಿಕೊಂಡದ್ದು 1492ರಲ್ಲಿ. ಇಬ್ಬರು ಹೆಣ್ಣುಮಕ್ಕಳೂ ಅವಳ ಕಣ್ಣೆದುರೇ ಹೋದರು. 1487ರಲ್ಲಿ ಏಳನೇ ಹೆನ್ರಿ ಆಸ್ತಿಯನ್ನು ವಾಪಸ್ ಕೊಟ್ಟ, ಕೊಟ್ಟ ಕೂಡಲೇ ತನಗೇ ಬರೆಸಿಕೊಂಡ.

ಮೊಮ್ಮಗ ಎಡ್ವರ್ಡ್ ವಾರಿಕ್ ಕೋಟೆಯಲ್ಲೇ ಹುಟ್ಟಿದವನು. ಬಿರುದು ಅವನಿಗಿತ್ತು. ಸಿಂಹಾಸನಕ್ಕೆ ಹಕ್ಕುದಾರ ಆಗಬಹುದು ಅನ್ನೋ ಭಯಕ್ಕೆ 10 ವರ್ಷದ ಹುಡುಗನನ್ನು 1485ರಲ್ಲಿ ಲಂಡನ್ ಟವರಿನಲ್ಲಿ ಕೂಡಿಹಾಕಿದರು. 1499ರಲ್ಲಿ ತಲೆ ತೆಗೆದರು. ಆಗ ಅವನಿಗೆ 24.

ಈಗಲೂ ಹೆಚ್ಚಿನ ಬಿರುದುಗಳು ಗಂಡುಮಕ್ಕಳಿಗೆ ಮಾತ್ರ ಇಳಿಯುತ್ತವೆ. 2013ರಲ್ಲಿ ಸಿಂಹಾಸನದ ವಿಷಯದಲ್ಲಿ ಹೆಣ್ಣುಮಗುವಿಗೂ ಸಮಾನ ಸರದಿ ಕೊಟ್ಟರು. ಅರ್ಲ್, ಬ್ಯಾರನ್‌ಗಳಿಗೆ ಆ ಕಾಯ್ದೆ ಅನ್ವಯಿಸುವುದಿಲ್ಲ. ಇದು ತಪ್ಪು ಅಂತ ನಾನು ಇಲ್ಲಿಯ ನೆರೆಹೊರೆಯವರ ಹತ್ತಿರವೂ ಹೇಳುತ್ತಿರುತ್ತೇನೆ.

ಧಾರವಾಡದವಳು

ಬದುಕಿದ್ದವಳನ್ನು ಸತ್ತವಳ ಲೆಕ್ಕಕ್ಕೆ ಹಾಕಿದರಾ! ಓದಿ ಸುಮ್ನೆ ಕೂತುಬಿಟ್ಟೆ ಅಕ್ಕ. ಆ ಕಾಗದಗಳನ್ನು ನೆನೆಸಿಕೊಂಡರೆ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ.

ದಾವಣಗೆರೆ ಬೆಣ್ಣೆ

ನನ್ನದೊಂದು ಅನುಭವ ಹೇಳುತ್ತೇನೆ, ಬೇರೆಯವರು ಮೋಸ ಹೋಗದಿರಲಿ ಅಂತ. ಮೂರು ವರ್ಷದ ಹಿಂದೆ ಒಂದು ವೆಬ್‌ಸೈಟ್‌ನಲ್ಲಿ ‘ಒಂದು ಚದರ ಅಡಿ ಜಾಗ ಕೊಳ್ಳಿ, ಲಾರ್ಡ್ ಆಗಿ’ ಅಂತ ನೋಡಿದೆ. ಅಪ್ಪನ 60ನೇ ಹುಟ್ಟುಹಬ್ಬಕ್ಕೆ ಉಡುಗೊರೆ ಕೊಡೋಣ ಅಂತ ದುಡ್ಡು ಕಟ್ಟಿದೆ. ಚಿನ್ನದ ಅಂಚಿನ ಪ್ರಮಾಣಪತ್ರ ಬಂತು. ಅಪ್ಪ ಫ್ರೇಮ್ ಹಾಕಿಸಿ ಹಾಲ್‌ನಲ್ಲಿ ತೂಗುಹಾಕಿದರು. ಆಮೇಲೆ ಅವರ ಸ್ನೇಹಿತರೊಬ್ಬರು, ಇದಕ್ಕೆ ಏನೂ ಬೆಲೆ ಇಲ್ಲ ಅಂತ ಎಲ್ಲರೆದುರು ಹೇಳಿದರು. ಅಪ್ಪ ಏನೂ ಮಾತಾಡಲಿಲ್ಲ. ಮಾರನೇ ದಿನ ಬೆಳಿಗ್ಗೆ ಆ ಫ್ರೇಮ್ ಗೋಡೆಯಲ್ಲಿ ಇರಲಿಲ್ಲ. ನಿಜವಾಗಿ ಬಿರುದು ಕೊಳ್ಳೋಕೆ ಆಗುತ್ತಾ ಇಲ್ವಾ?

ಗಂಜಾಂ ಮೇಷ್ಟ್ರು

ಇಲ್ಲ ತಮ್ಮಾ. ಅರ್ಲ್, ಬ್ಯಾರನ್‌ನಂಥ ಬಿರುದನ್ನು ಕೊಳ್ಳುವುದೂ ಆಗದು, ಮಾರುವುದೂ ಆಗದು. ದುಡ್ಡು ಪಡೆದು ಬಿರುದು ಕೊಡಿಸುವುದು 1925ರಿಂದ ಅಪರಾಧ. ಅದಕ್ಕೆಂದೇ ಕಾಯ್ದೆ ಇದೆ. ‘ಲಾರ್ಡ್ ಆಫ್ ದಿ ಮ್ಯಾನರ್’ ಅನ್ನೋದು ಬೇರೆ, ಅದು ಹಳೆಯ ಜಮೀನ್ದಾರಿಕೆಯ ಒಂದು ಹಕ್ಕು. ಅದನ್ನು ಮಾರುತ್ತಾರೆ, ಕೊಳ್ಳುತ್ತಾರೆ. ಆದರೆ ಅದನ್ನು ಕೊಂಡವರು ಯಾರೂ ಲಾರ್ಡ್ ಆಗುವುದಿಲ್ಲ. ಒಂದು ಚದರ ಅಡಿಯದ್ದು ಅದೂ ಅಲ್ಲ, ಬರೀ ನೆನಪಿನ ಕಾಣಿಕೆ. ನಿಮ್ಮ ಅಪ್ಪನವರಿಗೆ ಹೇಳಿ, ಮಗ ಪ್ರೀತಿಯಿಂದ ಕೊಟ್ಟಿದ್ದು, ಫ್ರೇಮ್ ವಾಪಸ್ ಹಾಕಿ ಅಂತ.

ಬಯಲುಸೀಮೆ

ಎಲ್ಲ ಓದಿದೆ. ಒಂದು ಮಾತು ನೇರವಾಗಿ ಕೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಒಕ್ಕಲಿಗರ ದುಡಿಮೆ ಮೇಲೆ ಕೂತವರ ವಂಶಾವಳಿಯನ್ನು ನಾವು ಯಾಕೆ ಇಷ್ಟು ಆಸೆಯಿಂದ ಓದಬೇಕು? ಆ ಗೋಪುರದ ಕಲ್ಲು ಹೊತ್ತವರ ಹೆಸರು ಎಲ್ಲಿದೆ?

ಲೆಮಿಂಗ್ಟನ್ ಅಕ್ಕ

ಬೇಜಾರೇನಿಲ್ಲ, ಇದು ಕೇಳಲೇಬೇಕಾದ ಪ್ರಶ್ನೆ. ಕಲ್ಲು ಹೊತ್ತವರ ಹೆಸರು ಇಲ್ಲ, ಅದು ನಿಜ. ಆದರೆ ಅದೇ ಕೋಟೆಯ ಒಳಗಿನಿಂದ ನಿಮ್ಮ ಪ್ರಶ್ನೆ ಕೇಳಿದವಳೊಬ್ಬಳು ಇದ್ದಳು.

ಐದನೇ ಅರ್ಲ್‌ನ ಹೆಂಡತಿ, ಕೌಂಟೆಸ್ ಡೇಸಿ. ಯುವರಾಜರ ಜೊತೆ ಓಡಾಡಿದ ಸಿರಿವಂತೆ. ಅವಳು 1904ರಲ್ಲಿ ಸಮಾಜವಾದಿ ಸಂಘಟನೆ ಸೇರಿದಳು. 1923ರ ಚುನಾವಣೆಯಲ್ಲಿ ವಾರಿಕ್ ಮತ್ತು ಲೆಮಿಂಗ್ಟನ್ ಕ್ಷೇತ್ರದಿಂದ ಲೇಬರ್ ಪಕ್ಷಕ್ಕೆ ನಿಂತಳು. ಎದುರಾಳಿ ಯಾರು ಗೊತ್ತಾ? ಆಂಥನಿ ಈಡನ್. ಇವಳ ಸೊಸೆಯ ತಮ್ಮ! ಅತ್ತೆ ಒಂದು ಕಡೆ, ಸೊಸೆಯ ತವರು ಇನ್ನೊಂದು ಕಡೆ. ಈಡನ್ ಗೆದ್ದರು. 1955ರಲ್ಲಿ ಪ್ರಧಾನಿ ಆದರು. 1961ರಲ್ಲಿ ಅವರಿಗೂ ಅರ್ಲ್ ಬಿರುದು ಬಂತು. ಅವರು ಆರಿಸಿಕೊಂಡ ಹೆಸರು ಕೋಟೆಯ ಕೆಳಗೆ ಹರಿಯುವ ನದಿಯದ್ದು, ಅರ್ಲ್ ಆಫ್ ಏವನ್. ಜೊತೆಗೆ ರಾಯಲ್ ಲೆಮಿಂಗ್ಟನ್ ಸ್ಪಾದ ವೈಕೌಂಟ್ ಈಡನ್. 1985ರಲ್ಲಿ ಮಗ ತೀರಿಕೊಂಡಾಗ ಆ ಬಿರುದೂ ಮುಗಿಯಿತು. 24 ವರ್ಷ ಅಷ್ಟೇ ಬಾಳಿದ ಬಿರುದು.

ಇನ್ನು ಕೋಟೆ. 1978ರಲ್ಲಿ ಗ್ರೆವಿಲ್ ಮನೆತನ ಅದನ್ನು ಮೇಡಂ ಟುಸಾಡ್ಸ್ ಕಂಪನಿಗೆ 13 ಲಕ್ಷ ಪೌಂಡಿಗೆ ಮಾರಿತು. ಬಿರುದು ಮತ್ತು ಕೋಟೆ ಎರಡನೇ ಸಲ ಬೇರೆಯಾದವು. ಚಿತ್ರಗಳು ಒಂದೊಂದಾಗಿ ಹೊರಗೆ ಹೋದವು. ತೋಟದಲ್ಲಿದ್ದ ರೋಮನ್ ಕಾಲದ ಅಮೃತಶಿಲೆಯ ದೊಡ್ಡ ಹೂದಾನಿ ಈಗ ಗ್ಲಾಸ್ಗೋದ ಬರೆಲ್ ಸಂಗ್ರಹದಲ್ಲಿದೆ. ಪಾರ್ಲಿಮೆಂಟಿನ ಮೇಲ್ಮನೆಯಿಂದಲೂ 1999ರಲ್ಲಿ 92 ಜನರನ್ನು ಬಿಟ್ಟು ಉಳಿದ ವಂಶಪಾರಂಪರ್ಯದ ಲಾರ್ಡ್‌ಗಳು ಹೊರಬಂದರು. ಅಧಿಕಾರ, ಆಸ್ತಿ ಎರಡೂ ಕಳಚಿ, ಕೊನೆಗೆ ಹೆಸರು ಮಾತ್ರ ಉಳಿದದ್ದನ್ನು ಈ ಊರಲ್ಲಿ ಸ್ಪಷ್ಟವಾಗಿ ನೋಡಬಹುದು. ಆ ಕಾರಣಕ್ಕೇ ನಾನು ಇದನ್ನು ಓದುತ್ತೇನೆ.

ಆದರೆ ಅರ್ಲ್‌ಗಳು ಬಿಟ್ಟುಹೋದ ಎಲ್ಲವೂ ಅಳಿದಿಲ್ಲ. ಪಶ್ಚಿಮ ಬಾಗಿಲ ಹತ್ತಿರ ವಾಲಿದ ಮರದ ಮನೆಗಳ ಸಾಲು ಇದೆಯಲ್ಲ, ಅದು ಲಾರ್ಡ್ ಲೆಸ್ಟರ್ ಆಸ್ಪತ್ರೆ. ಹೆಸರಿಗೆ ಆಸ್ಪತ್ರೆ, ನಿಜಕ್ಕೂ ವೃದ್ಧ ಸೈನಿಕರಿಗೆ ಆಸರೆ. ಆಂಬ್ರೋಸ್ ಡಡ್ಲಿಯ ತಮ್ಮ ರಾಬರ್ಟ್ ಡಡ್ಲಿ, ಅವನೇ ಲಾರ್ಡ್ ಲೆಸ್ಟರ್, 1571ರಲ್ಲಿ ಶುರು ಮಾಡಿದ್ದು. 1694ರಲ್ಲಿ ಊರಿನ ಎಷ್ಟೋ ಭಾಗ ಬೆಂಕಿಗೆ ಹೋಯಿತು, ಇದು ಉಳಿಯಿತು. ಮಾಜಿ ಸೈನಿಕರು ಈಗಲೂ ಅಲ್ಲಿ ವಾಸ ಇದ್ದಾರೆ. ವಿಶೇಷ ದಿನಗಳಲ್ಲಿ ಹಾಕುವ ಉಡುಪಿನ ಮೇಲೆ ಅದೇ ಬೆಳ್ಳಿ ಕರಡಿ.

ಬಯಲುಸೀಮೆ

ಡೇಸಿ ಕಥೆ ಗೊತ್ತಿರಲಿಲ್ಲ. ಒಪ್ಪಿದೆ ಅಕ್ಕ. ಕಲ್ಲು ಹೊತ್ತವರ ಬಗ್ಗೆ ನನ್ನ ಮಾತು ಹಾಗೇ ಇದೆ.

ಲೆಮಿಂಗ್ಟನ್ ಅಕ್ಕ

ಇರಲಿ, ಇರಬೇಕು.

ಹಾಸನದ ಅಪ್ಪ

ಎಲ್ಲರಿಗೂ ತುಂಬ ಧನ್ಯವಾದ. ನಾವು ಆಸ್ಪತ್ರೆ ನೋಡಲಿಲ್ಲ, ಚರ್ಚನ್ನೂ ನೋಡಲಿಲ್ಲ. ಕೋಟೆ ನೋಡಿ ಬಸ್ ಹತ್ತಿಬಿಟ್ಟೆವು. ಮಗ ಇನ್ನೂ ಅಲ್ಲೇ ಇದ್ದಾನೆ. ಅವನಿಗೆ ಈ ಚರ್ಚೆಯ ಲಿಂಕ್ ಕಳಿಸಿದೆ. ಏನು ನೋಡಬೇಕು ಹೇಳಿ, ಶನಿವಾರ ಹೋಗುತ್ತಾನಂತೆ.

ಲೆಮಿಂಗ್ಟನ್ ಅಕ್ಕ

ಸೇಂಟ್ ಮೇರಿ ಚರ್ಚಿಗೆ ಹೋಗಲಿ. ಬೀಚಮ್ ಚಾಪೆಲ್ ಎಲ್ಲಿ ಅಂತ ಕೇಳಲಿ. ಆನ್‌ಳ ಅಪ್ಪ, 13ನೇ ಅರ್ಲ್, ಅಲ್ಲಿ ಮಲಗಿದ್ದಾನೆ. ಚಿನ್ನದ ಲೇಪದ ಲೋಹದ ಪ್ರತಿಮೆ. ಕಾಲ ಬಳಿ ಕರಡಿ. ಸಮಾಧಿಯ ಸುತ್ತ 14 ಚಿಕ್ಕ ಪ್ರತಿಮೆಗಳು, ದುಃಖದಲ್ಲಿರುವ ನೆಂಟರು. ಅವರಲ್ಲಿ ಅಳಿಯ ನೆವಿಲ್ ಕೂಡ ಇದ್ದಾನೆ. ಬೆಂಕಿ ಅಲ್ಲಿಯವರೆಗೆ ಬರಲಿಲ್ಲ. ಕೈಗಳನ್ನು ಹತ್ತಿರದಿಂದ ನೋಡಲಿ, ಆಮೇಲೆ ಮೇಲೆ ಚಾವಣಿ ನೋಡಲಿ. ಯಾಕೆ ಅಂತ ಅಲ್ಲಿ ನಿಂತರೆ ಗೊತ್ತಾಗುತ್ತದೆ.

ಹಾಸನದ ಅಪ್ಪ

ಮಗ ಹೋಗಿ ಬಂದ. ರಾತ್ರಿ ವಿಡಿಯೋ ಕಾಲ್ ಮಾಡಿ ಅರ್ಧ ಗಂಟೆ ಅದನ್ನೇ ಹೇಳಿದ. ಪ್ರತಿಮೆಯ ಕೈಗಳು ನಮಸ್ಕಾರದ ಥರ ಕೂಡಿಲ್ಲವಂತೆ, ನಡುವೆ ಒಂದು ಗೇಣು ಬಿಟ್ಟು ಎತ್ತಿ ಹಿಡಿದಿವೆಯಂತೆ. ಕೈಯ ನರಗಳು ಕೂಡ ಉಬ್ಬಿ ಕಾಣುತ್ತವೆ ಅಂದ. ಕಣ್ಣು ತೆರೆದೇ ಇವೆ. ಆ ಕಣ್ಣು ನೋಡುವ ಕಡೆ ತಾನೂ ತಲೆ ಎತ್ತಿದನಂತೆ. ಚಾವಣಿಯಲ್ಲಿ ಸರಿಯಾಗಿ ಅದೇ ಜಾಗದಲ್ಲಿ ಮಾತೆ ಮೇರಿಯ ಮೂರ್ತಿ. ಐನೂರೈವತ್ತು ವರ್ಷಕ್ಕಿಂತ ಹೆಚ್ಚು ಕಾಲದಿಂದ ಅವಳನ್ನೇ ನೋಡುತ್ತಾ ಮಲಗಿದ್ದಾನೆ ಅಂದ.

ಆಮೇಲೆ ಒಂದು ಮಾತು ಕೇಳಿದ. ಅಪ್ಪಾ, ಆನ್‌ಳ ಸಮಾಧಿ ಎಲ್ಲಿ ಅಂತ ಅಲ್ಲಿದ್ದ ಹಿರಿಯರೊಬ್ಬರನ್ನು ಕೇಳಿದೆ, ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಈ ಪ್ರಶ್ನೆಯನ್ನು ನನಗೆ ಯಾರೂ ಕೇಳಿರಲಿಲ್ಲ ಅಂದರು, ಅಂತ.